ಅಣ್ಣನ ಕಣ್ಣೂ ಯಂತ್ರದ ಕಣ್ಣೂ

ನಮ್ಮ ಎಮ್ಮಿಗನೂರಿಗೆ ಹೆಸರು ತಂದುದು ಮಗ್ಗ. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದ ಮಾತು ಬಾರದ ಮನೆ ಇಲ್ಲಿ ವಿರಳ. ನನ್ನ ಅಣ್ಣನೂ ಮಗ್ಗದ ಮುಂದೆಯೇ ಬಾಳು ಸವೆಸಿದವನು. ಬಟ್ಟೆಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ತಪ್ಪಿದ ಎಳೆಯನ್ನು ಬೆರಳಿಟ್ಟು ತೋರಿಸಬಲ್ಲನು.

ಮೂರು ವರ್ಷಗಳ ಹಿಂದೆ ಅವನ ಎಡ ಮೂತ್ರಪಿಂಡದಲ್ಲಿ ಅರ್ಬುದವು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯಾದ ಮೇಲೆ ವರದಿಗಾಗಿ ಹನ್ನೆರಡು ದಿನ ಕಾದೆವು. ಆ ದಿನಗಳಲ್ಲಿ ಅತ್ತಿಗೆ ಒಂದು ಹೊತ್ತೂ ಸರಿಯಾಗಿ ಉಣ್ಣಲಿಲ್ಲ.

ವರದಿ ಬಂದ ದಿನ ವೈದ್ಯರು ದಯವಿಟ್ಟು ನಮಗೂ ಸೂಕ್ಷ್ಮದರ್ಶಕದಲ್ಲಿ ನೋಡಲು ಕೊಟ್ಟರು. ಗಾಜಿನ ಮೇಲೆ ಎಳೆಗಿಂತ ತೆಳುವಾದ ಒಂದು ಚೂರು. ಕೋಶಕೇಂದ್ರಗಳು ನೀಲಿ, ಉಳಿದುದು ಗುಲಾಬಿ. ಆ ನೀಲಿಗೆ ಬೇಕಾದ ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವುದೆಂದೂ, ಹಿಂದೆ ಅದರಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದರೆಂದೂ ಅವರು ಹೇಳಿದಾಗ ಅಣ್ಣನು ನಕ್ಕು, “ಹಾಗಾದರೆ ಇದೂ ನಮ್ಮ ಕಸುಬೇ, ತಮ್ಮಾ” ಎಂದನು. ಕೋಶಗಳ ಒಳಗಿನ ಕೊಬ್ಬು, ಗ್ಲೈಕೋಜನ್‌ಗಳು ಸಂಸ್ಕರಣದಲ್ಲಿ ಕರಗಿಹೋಗಿ ಅವು ಬರಿದಾಗಿ ಕಾಣುತ್ತಿದ್ದುವು. ಕೋಶಕೇಂದ್ರದ ರೂಪವನ್ನು ನೋಡಿ ರೋಗದ ಉಗ್ರತೆಯನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುವರಂತೆ. ಅಣ್ಣನದು ಎರಡನೆಯದು.

ಈ ನೋಟವನ್ನು ಈಗ ಗಣಕಯಂತ್ರಕ್ಕೂ ಕಲಿಸುತ್ತಿದ್ದಾರೆ. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಕೆಲಸವೊಂದನ್ನು ನಾನು ಓದಿದೆನು. ಚಿತ್ರವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಯಾವುದು ಯಾವ ರೋಗದ್ದೆಂಬುದನ್ನು ತಿಳಿಸಿ ಯಂತ್ರದ ಮುಂದಿಡುವರು. ಸೂತ್ರವನ್ನು ಯಾರೂ ಹೇಳಿಕೊಡುವುದಿಲ್ಲ. ತಪ್ಪಿದಾಗಲೆಲ್ಲ ತಿದ್ದಿಕೊಳ್ಳುತ್ತ ಅದು ತಾನೇ ಗುರುತುಗಳನ್ನು ಕಂಡುಕೊಳ್ಳುವುದು. ಇದಕ್ಕೆ ಡೀಪ್ ಲರ್ನಿಂಗ್ ಎಂದು ಹೆಸರು. ಮೂತ್ರಪಿಂಡದ ಅರ್ಬುದದ ಮೂರು ಬಗೆಗಳನ್ನು ಅವರ ಯಂತ್ರವು ನೂರಕ್ಕೆ 94.07ರಷ್ಟು ಸರಿಯಾಗಿ ಬೇರ್ಪಡಿಸಿತು. ಕಲಿತ ಚಿತ್ರಗಳು ಮಾತ್ರ ಅಮೆರಿಕದ ಸಂಗ್ರಹವೊಂದರವು.

ಇದನ್ನು ಹೇಳಿದಾಗ ಅಣ್ಣನು ಕೇಳಿದನು: “ಬಣ್ಣದ ಹದ ಊರೂರಿಗೆ ಬೇರೆಯಲ್ಲವೆ? ನಮ್ಮ ಬಣ್ಣ ಅದಕ್ಕೆ ತಿಳಿದೀತೆ?”

ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆಯೂ ಇದೇ. ಒಂದು ಪ್ರಯೋಗಾಲಯದ ಬಣ್ಣದಲ್ಲಿ ಕಲಿತ ಯಂತ್ರವು ಇನ್ನೊಂದರ ಬಣ್ಣದಲ್ಲಿ ಎಡವುವುದುಂಟು. ಆದುದರಿಂದ ನಮ್ಮ ಆಸ್ಪತ್ರೆಗಳ ಗಾಜುಗಳ ಮೇಲೆ ಅದನ್ನು ಪರೀಕ್ಷಿಸದೆ ನಂಬಲಾಗದು. ಒಂದೇ ಪಠ್ಯವನ್ನು ಉರುಹೊಡೆದ ವಿದ್ಯಾರ್ಥಿಯು ಹೊಸ ಪ್ರಶ್ನೆಗೆ ತಡವರಿಸುವುದನ್ನು ಉಪಾಧ್ಯಾಯರಾದ ನಾವು ಕಂಡಿಲ್ಲವೆ?

ಹಾಗೆಂದು ಅದನ್ನು ದೂರವಿಡುವುದೂ ಸಲ್ಲದು. ಆ ಹನ್ನೆರಡು ದಿನಗಳಲ್ಲಿ ನಾಲ್ಕನ್ನು ಯಂತ್ರವು ಕಡಮೆ ಮಾಡಿದರೂ ನಮ್ಮ ಅತ್ತಿಗೆಯಂಥವರಿಗೆ ಅದು ದೊಡ್ಡ ಉಪಕಾರ. ಕೊನೆಯ ಮಾತನ್ನು ಮಾತ್ರ, ಗಾಜಿನ ಮೇಲೂ ರೋಗಿಯ ಮುಖದ ಮೇಲೂ ಕಣ್ಣಿಟ್ಟ ವೈದ್ಯರೇ ಹೇಳಲಿ.