ಕಡಲಿಲ್ಲದ ಊರಲ್ಲಿ ಆಮೆಯ ಲೆಕ್ಕ

ಬೆಂಗಳೂರಿನ ಅಂಚಿನ ಚಿಕ್ಕಜಾಲದ ಹಳೇ ಕೋಟೆಯ ಕಲ್ಯಾಣಿ ಮೆಟ್ಟಿಲ ಮೇಲೆ ಕೂತಿದ್ದೆ. ಹೆಸರಲ್ಲೇ 'ಜಾಲ' ಇರೋ ಊರು, ಆದರೆ ಬಲೆ ಬೀಸೋಕೆ ಸಮುದ್ರ ಎಲ್ಲಿದೆ? ಪಕ್ಕದಲ್ಲಿ ಏರ್‌ಪೋರ್ಟ್ ರಸ್ತೆ ಭರ್ರೆನ್ನುತ್ತೆ, ಅಷ್ಟೇ.

ಆದರೂ ಕಡಲಾಮೆಗಳ ದೊಡ್ಡ ಲೆಕ್ಕವೊಂದು ನಡೆಯೋದು ಇದೇ ಬೆಂಗಳೂರಲ್ಲಿ. ಅದರ ಹಿಂದಿರೋದು ಐಐಎಸ್‌ಸಿಯ ವಿಜ್ಞಾನಿ ಕಾರ್ತಿಕ್ ಶಂಕರ್. ಅವರು ಪಿಎಚ್‌ಡಿ ಮಾಡಿದ್ದು ನೀಲಗಿರಿಯ ಇಲಿ, ಸುಂಡಿಲಿಗಳ ಮೇಲೆ. ಆಮೆಯ ಹುಚ್ಚು ಅದಕ್ಕೂ ಹಳೇದು. 1988ರಲ್ಲಿ ಚೆನ್ನೈನಲ್ಲಿ ವಿದ್ಯಾರ್ಥಿಗಳೇ ಕಟ್ಟಿದ ಆಮೆ ಕಾಯೋ ಗುಂಪಿನ ಹುಡುಗರಲ್ಲಿ ಇವರೂ ಒಬ್ಬರು. ಅಲ್ಲಿ ಈಗಲೂ ಮೊಟ್ಟೆ ಇಡೋ ಕಾಲ ಬಂದರೆ ಹೊಸ ಹುಡುಗ ಹುಡುಗಿಯರು ರಾತ್ರಿಯೆಲ್ಲಾ ಮರಳಲ್ಲಿ ನಡೀತಾರೆ. ಅವರ ಪ್ರಬಂಧಗಳ ಪಟ್ಟಿಗಿಂತ ನನಗೆ ಇದೇ ದೊಡ್ಡದು ಅನ್ಸುತ್ತೆ.

ಆಮೇಲೆ ಅವರು ಒಡಿಶಾದ ಆಲಿವ್ ರಿಡ್ಲಿ ಆಮೆ, ಲಿಟಲ್ ಅಂಡಮಾನ್‌ನ ಲೆದರ್‌ಬ್ಯಾಕ್ ಹಿಂದೆ ಬಿದ್ದರು. ಚಿಪ್ಪಿನ ಬದಲು ತೊಗಲು ಹೊದ್ದ ಭಾರೀ ಆಮೆ ಅದು. 2011ರಿಂದ ಅವರ ತಂಡ ಹತ್ತು ಆಮೆಗಳ ಬೆನ್ನಿಗೆ ಟ್ಯಾಗ್ ಕಟ್ಟಿತು. ಆಮೆ ಉಸಿರಿಗೆ ಮೇಲೆ ಬಂದಾಗ ಟ್ಯಾಗ್ ಉಪಗ್ರಹಕ್ಕೆ ಸುದ್ದಿ ಕಳಿಸುತ್ತೆ. ಒಂದೇ ದಡದಿಂದ ಹೊರಟವುಗಳಲ್ಲಿ ಕೆಲವು ಆಸ್ಟ್ರೇಲಿಯಾ ಕಡೆ, ಇನ್ನು ಕೆಲವು ಆಫ್ರಿಕಾ ಕಡೆ! ಪಾಸ್‌ಪೋರ್ಟೂ ಇಲ್ಲ, ಚೆಕ್-ಇನ್ನೂ ಇಲ್ಲ.

2008ರಲ್ಲಿ ಶುರುವಾದ 'ದಕ್ಷಿಣ್ ಫೌಂಡೇಶನ್' ಹಿಂದೆಯೂ ಇವರಿದ್ದಾರೆ. ಆಮೆಯ ಜೊತೆ ಮೀನುಗಾರರ ಬದುಕನ್ನೂ ನೋಡೋ ಸಂಸ್ಥೆ.

ತಲೆ ಮೇಲೆ ಇನ್ನೊಂದು ವಿಮಾನ ಹೋಯ್ತು. ಕಲ್ಯಾಣಿ ನೀರಲ್ಲಿ ಅದರ ನೆರಳು ಈಜಿಕೊಂಡು ಆಚೆ ದಡ ಸೇರ್ತು.