ಗೋಡೆಯ ಮೇಲಿನ ಬೆಂಗಳೂರು

ಆ ಜನವರಿಯ ಚಿತ್ರಸಂತೆಗೆ ಅಪ್ಪನೂ ಬಂದಿದ್ದ. ಕುಮಾರಕೃಪಾ ರಸ್ತೆಯಲ್ಲಿ ಅವತ್ತೊಂದು ದಿನ ವಾಹನಗಳಿಲ್ಲ. ಎರಡೂ ಬದಿ ಚಿತ್ರಗಳು, ನಡುವೆ ಜನ. ಅಪ್ಪನಿಗೆ ಮಂಡಿನೋವು, ನಿಧಾನಕ್ಕೆ ನಡೆಯುತ್ತಿದ್ದ. ಹಾಗಾಗಿ ನಾನೂ ಎಂದಿಗಿಂತ ನಿಧಾನವಾಗಿ ನೋಡಿದೆ. ನಗರದ ಚಿತ್ರ ಅಂದರೆ ಹೆಚ್ಚುಕಮ್ಮಿ ಎಲ್ಲ ಕಡೆ ಅದೇ: ವಿಧಾನಸೌಧ, ಹೂ ಉದುರಿಸಿಕೊಂಡ ಖಾಲಿ ರಸ್ತೆ, ಮಳೆಯಲ್ಲಿ ಒಂದೇ ಕೊಡೆಯಡಿ ಹೋಗುತ್ತಿರುವ ಜೋಡಿ. ಜೋಡಿಯ ಬೆನ್ನಷ್ಟೇ ಕಾಣುತ್ತದೆ. ನಿಂತ ನೀರಿನಲ್ಲಿ ಬೀದಿದೀಪದ ಹಳದಿ ಚೆಂದಕ್ಕೆ ಹೊಳೆಯುತ್ತದೆ, ಆ ನೀರು ಯಾರ ಮನೆಗೂ ನುಗ್ಗುವುದಿಲ್ಲ.

ನಾನು ಕೊಂಡದ್ದೂ ಅಂಥದ್ದೇ ಒಂದು. ಹಳೇ ಬಂಗಲೆ, ಕಿಟಕಿಯ ಮೇಲೆ ಮರದ ಮಂಕಿ ಟಾಪ್, ಗೇಟಿನ ಮುಂದೆ ಉದ್ದ ಮೂತಿಯ ಕಾರು. ಎಂಟುನೂರು ರೂಪಾಯಿ. ಮನೆಯ ಹಾಲ್‌ನಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ಅಪ್ಪ ಕಾಫಿ ಲೋಟ ಹಿಡಿದು ತುಂಬ ಹೊತ್ತು ನೋಡಿದ.

“ಇದ್ಯಾವೂರು?”

“ಬೆಂಗ್ಳೂರಪ್ಪ. ಹಳೇದು.”

“ಇರಬೋದು. ನಾನು ನೋಡಿಲ್ಲ.”

ಅಪ್ಪ 1971ರಲ್ಲಿ ಮಾಗಡಿ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದವನು. ಮಾಗಡಿ ರಸ್ತೆಯ ಆಚೀಚೆ ಆಗ ಬಟ್ಟೆ ಮಿಲ್ಲುಗಳಿದ್ದವು. ಅವುಗಳಲ್ಲೊಂದರಲ್ಲಿ, ಅದು ಮುಚ್ಚುವವರೆಗೆ, ಮೂರು ಶಿಫ್ಟಿನಲ್ಲೂ ದುಡಿದ. ಹನ್ನೊಂದು ಮನೆಗೆ ಎರಡು ನಲ್ಲಿಯಿದ್ದ ವಠಾರದಲ್ಲಿ ನಾನು ಹುಟ್ಟಿದ್ದು. ಎಂ.ಜಿ. ರಸ್ತೆಗೆ ಅಪ್ಪ ಹೋದದ್ದು ಬೆರಳೆಣಿಕೆಯಷ್ಟು ಸಲ. ಆದರೂ ಗೆಳೆಯರ ಮುಂದೆ ನಾನು “ನಮ್ಮ ಹಳೇ ಬೆಂಗಳೂರು ಹೇಗಿತ್ತು ಗೊತ್ತಾ” ಎಂದು ಶುರು ಮಾಡಿದರೆ ಬರುವುದು ಬಂಗಲೆ, ಹೂಮರ, ಪ್ಲಾಜಾ ಟಾಕೀಸು. ವಠಾರ ಬರುವುದಿಲ್ಲ. ಯಾರದೋ ನೆನಪನ್ನು ಎಂಟುನೂರು ಕೊಟ್ಟು ನನ್ನದು ಮಾಡಿಕೊಂಡಿದ್ದೆ ಅನ್ನುವುದು ಅಪ್ಪನ ಆ ಎರಡು ಮಾತಿನಿಂದ ಗೊತ್ತಾಯಿತು.

ಹಾಗಂತ ಅಂಥ ಚಿತ್ರಗಳೆಲ್ಲ ಸುಳ್ಳಲ್ಲ. ಪಾಲ್ ಫರ್ನಾಂಡಿಸ್ ಅವರು ಬರೆದಿರುವ ಅರವತ್ತು-ಎಪ್ಪತ್ತರ ದಶಕದ ಬೆಂಗಳೂರು ನನಗೆ ಈಗಲೂ ಇಷ್ಟ. ಅವರ ಜನ ನಗಿಸುತ್ತಾರೆ, ಅವರ ಬೀದಿಗಳಲ್ಲಿ ಏನಾದರೊಂದು ತರಲೆ ನಡೆಯುತ್ತಲೇ ಇರುತ್ತದೆ. ಅವರು ಬೆಳೆದ ಊರನ್ನು ಅವರು ಬರೆದರು. ಅದು ಬಹುಮಟ್ಟಿಗೆ ದಂಡಿನ ಕಡೆಯ ಊರು. 1949ರವರೆಗೆ ಪೇಟೆ ಮತ್ತು ದಂಡು ಬೇರೆಬೇರೆ ಪುರಸಭೆಗಳೇ ಆಗಿದ್ದವಲ್ಲ, ಕಾಗದದ ಮೇಲೆ ಒಂದಾದವು. ಗೋಡೆಗೆ ಹಾಕುವ ಚಿತ್ರಗಳಲ್ಲಿ ಇನ್ನೂ ಒಂದಾಗಿಲ್ಲವೇನೋ.

ಈ ಯೋಚನೆಯಲ್ಲಿದ್ದಾಗಲೇ ಸುಧೀರ್ ಪಟವರ್ಧನ್ ಅವರ ಮುಂಬೈ ಚಿತ್ರಗಳನ್ನು ಮತ್ತೆ ನೋಡಿದೆ. ಪಟವರ್ಧನ್ ಓದಿದ್ದು ವೈದ್ಯಕೀಯ. ಠಾಣೆಯಲ್ಲಿ ದಶಕಗಳ ಕಾಲ ರೇಡಿಯಾಲಜಿಸ್ಟ್ ಆಗಿದ್ದುಕೊಂಡೇ ಚಿತ್ರ ಬರೆದವರು. ದಿನವಿಡೀ ಜನರ ಎಲುಬು, ಪುಪ್ಪುಸಗಳ ನೆರಳು ನೋಡಿದ ಕಣ್ಣು ಸಂಜೆ ಅದೇ ಜನರನ್ನು ಲೋಕಲ್ ರೈಲಿನಲ್ಲಿ ಕಂಡರೆ ಹೇಗಿರುತ್ತದೆ? 1977ರ ‘ಇರಾನಿ ರೆಸ್ಟೋರೆಂಟ್’, 1980ರ ‘ಟ್ರೇನ್’, ಇವುಗಳಲ್ಲಿ ಮನುಷ್ಯರಿಗೆ ತೂಕವಿದೆ. ಕೂತರೆ ಕೂತಂತೆ, ನಿಂತರೆ ಕಾಲು ನೋಯುವಂತೆ. ನಗರ ಅವರ ಹಿಂದಿನ ಪರದೆಯಲ್ಲ, ಅವರ ಮೈಮೇಲೇ ಬಿದ್ದಿರುವ ಭಾರ. ಪಟವರ್ಧನ್ ತಾವೇನೂ ಕಾರ್ಮಿಕರಲ್ಲ, ಡಾಕ್ಟರು. ಆ ದೂರವೂ ಚಿತ್ರದಲ್ಲಿದೆ ಎಂದು ನನಗನ್ನಿಸುತ್ತದೆ. ಅವರ ಜನ ನಮ್ಮ ಕಡೆ ತಿರುಗಿ ಸ್ನೇಹದ ನಗೆ ನಗುವುದಿಲ್ಲ. ಬೇಡ ಕೂಡ. ಕೊಡೆ ಹಿಡಿದ ಜೋಡಿಯ ಬೆನ್ನಿಗಿಂತ ಈ ಬಿಗಿದ ಮುಖಗಳನ್ನು ನಾನು ನಂಬುತ್ತೇನೆ.

ಲ್ಯಾಪ್‌ಟಾಪಿನಲ್ಲಿ ‘ಟ್ರೇನ್’ ತೆರೆದು ಅಪ್ಪನಿಗೆ ತೋರಿಸಿದೆ. ಯಾರು ಬರೆದದ್ದು, ಎಲ್ಲಿಯದು ಎಂದು ಹೇಳಲಿಲ್ಲ. ಕನ್ನಡಕ ಹಣೆಗೇರಿಸಿ ಹತ್ತಿರ ಬಗ್ಗಿ ನೋಡಿದ.

“ನೈಟ್ ಶಿಫ್ಟ್ ಮುಗ್ಸಿದೋರು,” ಅಂದ.

“ಅದು ಬೊಂಬಾಯಿ ಕಣಪ್ಪ.”

“ಎಲ್ಲಾದ್ರೂ ಆಗ್ಲಿ.”

ಮಿಲ್ಲಿನದೊಂದು ಫೋಟೊ ನಮ್ಮ ಮನೆಯಲ್ಲಿಲ್ಲ. ಅಪ್ಪನ ಜೊತೆಯವರಲ್ಲಿ ಯಾರ ಹತ್ತಿರ ಕ್ಯಾಮೆರಾ ಇತ್ತು! ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಒಳಗೆ ಹೋಗಿ ನೋಡೋಣವೆಂದು ಒಮ್ಮೆ ಇಬ್ಬರೂ ಹೋಗಿದ್ದೆವು. ಗೇಟಿನವನು ಯಾವ ಫ್ಲ್ಯಾಟಿಗೆ ಎಂದು ಕೇಳಿದ, ಹೇಳಲು ನಮ್ಮಲ್ಲಿ ನಂಬರ್ ಇರಲಿಲ್ಲ.

ಹೋದ ವಾರ ಹಳೇ ಕರೆಂಟ್ ಬಿಲ್ಲಿನ ಹಿಂಬದಿ ಮತ್ತು ಪೆನ್ನು ಕೊಟ್ಟು, ಮಿಲ್ಲು ಹೇಗಿತ್ತು ಬರೆದು ತೋರಿಸಪ್ಪ ಎಂದೆ. ನಾಚಿಕೊಂಡ. ಆಮೇಲೆ ಬರೆದ. ಒಂದು ಗೇಟು, ಸೈಕಲ್ ಸ್ಟ್ಯಾಂಡು, ಎದುರಿಗೆ ಟೀ ಅಂಗಡಿ. ಗೆರೆಗಳು ಸೊಟ್ಟ. ಸೈಕಲ್ ಸ್ಟ್ಯಾಂಡು ಮಿಲ್ಲಿಗಿಂತ ದೊಡ್ಡದಾಗಿಬಿಟ್ಟಿತು. ಅದರಲ್ಲಿ ಸೈಕಲ್ಲುಗಳನ್ನು ಒಂದೊಂದಾಗಿ ಬರೆಯತೊಡಗಿದ. ಇದು ಇಂಥವನದು, ಇದು ಇಂಥವನದು ಎಂದು ಹೆಸರು ಹೇಳುತ್ತ. ಜಾಗ ಸಾಲದೆ, “ಇನ್ನೊಂದು ಬಿಲ್ ಇದ್ರೆ ಕೊಡು” ಅಂದ.