ನಿದ್ದೆಗೇಡಿ

ತಿಪಟೂರು ದಾಟಿದ ಮೇಲೆ ಎಲ್ಲೋ ತಲೆ ಬಿಸಿಯಾಗಿ ಎಚ್ಚರವಾಯಿತು. ನಮ್ಮ ಐಟಿಯವರ ಮಾಮೂಲಿ ತಲೆಬಿಸಿ ಅಲ್ಲ, ನಿಜವಾಗಲೂ ಬಿಸಿ. ಬೆಂಗಳೂರಲ್ಲಿ ರೈಲು ಹತ್ತಿದವನೇ ಲ್ಯಾಪ್‌ಟಾಪ್ ಬ್ಯಾಗನ್ನು ದಿಂಬು ಮಾಡಿಕೊಂಡು ಮಲಗಿದ್ದೆ. ನಿದ್ದೆಗಣ್ಣಲ್ಲೇ ಅದನ್ನು ಕಾಲ ಹತ್ತಿರ ತಳ್ಳಿ ಮಗ್ಗುಲಾದೆ. ಕಡೂರಲ್ಲಿ ಇಳಿದು, ಸ್ಟೇಷನ್ನಿನಲ್ಲಿ ಬೆಳಕು ಹರಿಯುವವರೆಗೆ ಕೂತು, ಬಸ್ಸು ಹಿಡಿದು ಊರು ಸೇರಿ, ಅವ್ವ ಕೊಟ್ಟ ಕಾಫಿ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆಗೆದರೆ ಕಪ್ಪು ಪರದೆ. ರಾತ್ರಿ ಮುಚ್ಚುವಾಗ ತೊಂಬತ್ತರ ಮೇಲೆ ಚಾರ್ಜ್ ಇತ್ತು. ಈಗ ಪೂರ್ತಿ ಖಾಲಿ. ಸೇವ್ ಮಾಡದೆ ಬಿಟ್ಟಿದ್ದ ಎರಡು ಗಂಟೆಯ ಕೆಲಸವೂ ಹೋಯಿತು.

ದೇವನೂರು ಅಂದ ಕೂಡಲೇ ಆಫೀಸಲ್ಲಿ ಎಲ್ಲರೂ ‘ಮಹಾದೇವ ಅವರ ಊರಾ?’ ಅಂತಾರೆ. ಅದು ನಂಜನಗೂಡು ಕಡೆಯದು. ನಮ್ಮದು ಕಡೂರು ತಾಲ್ಲೂಕಿನದು, ಜೈಮಿನಿ ಭಾರತದ ಲಕ್ಷ್ಮೀಶನ ದೇವನೂರು. ಲಕ್ಷ್ಮೀಕಾಂತನ ಗುಡಿ ಇದೆ, ತೆಂಗಿದೆ, ರಾಗಿ ಇದೆ. ಇಲ್ಲದೇ ಇರುವುದು ನೀರು.

ಈ ಸಲ ಊರಿಗೆ ಹೋಗಿದ್ದು ನೀರಿನ ಸಲುವಾಗಿಯೇ. ಹಿಂದಿನ ತಿಂಗಳು ಅಪ್ಪ ರಾತ್ರಿ ತೋಟದಲ್ಲಿ ಬದುವಿನಿಂದ ಜಾರಿ ಎಡಗೈ ಮುರಿದುಕೊಂಡಿದ್ದರು. ಕಟ್ಟು ಹಾಕಿದ ಡಾಕ್ಟರು ಬಿಪಿ ನೋಡಿ, ‘ರಾತ್ರಿ ಸರಿಯಾಗಿ ನಿದ್ದೆ ಮಾಡ್ತೀರಾ ಯಜಮಾನ್ರೇ?’ ಅಂತ ಕೇಳಿದರಂತೆ. ‘ಮಾಡ್ತೀನಿ ಸಾ, ಎರಡು ಕಂತಲ್ಲಿ’ ಅಂದರಂತೆ ಅಪ್ಪ. ಅವ್ವ ಇದನ್ನು ಫೋನಿನಲ್ಲಿ ಹೇಳುವಾಗ ನಗಬೇಕೋ ಅಳಬೇಕೋ ಗೊತ್ತಾಗದ ದನಿಯಲ್ಲಿ ಹೇಳಿದಳು. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಅನ್ನುವುದು ಸರ್ಕಾರದ ಲೆಕ್ಕ. ಆ ಏಳು ಗಂಟೆ ಯಾವುದು ಅನ್ನುವುದು ನಮ್ಮ ಕೈಲಿಲ್ಲ. ನಮ್ಮ ಲೈನಿನ ಸರದಿ ರಾತ್ರಿ ಎರಡಕ್ಕೆ ಬಿದ್ದರೆ ಎರಡಕ್ಕೇ ಏಳಬೇಕು. ಅಪ್ಪ ಹಾಗೆ ಎದ್ದು ಎದ್ದೇ ನನ್ನನ್ನು ಬಿಇ ಓದಿಸಿದ್ದು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜೊತೆಗೇ ಒಂದು ಆಟೋ ಸ್ಟಾರ್ಟರ್ ಡಬ್ಬಿಯನ್ನೂ ತುರುಕಿಕೊಂಡು ಬಂದಿದ್ದೆ. ಕರೆಂಟು ಬಂದರೆ ಮೋಟರು ತಾನಾಗಿ ಎದ್ದುಕೊಳ್ಳುತ್ತೆ, ಅಪ್ಪ ಮಲಗಿರಬಹುದು. ಲೆಕ್ಕ ಬಹಳ ಸುಲಭವಾಗಿತ್ತು.

ಎಲೆಕ್ಟ್ರಿಷಿಯನ್ ಬರೋದು ಮಧ್ಯಾಹ್ನ ಅಂದ. ಅಷ್ಟರಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂತ ಪಡಸಾಲೆಯಲ್ಲಿ ಕೂತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಲ್ಯಾಪ್‌ಟಾಪಿನ ಸ್ಲೀಪ್ ಅನ್ನುವುದು ಕೋಳಿನಿದ್ದೆ. ಪರದೆ, ಪ್ರೊಸೆಸರ್, ಡಿಸ್ಕ್ ಎಲ್ಲ ಆರುತ್ತವೆ, ಆದರೆ ನೀವು ತೆರೆದಿಟ್ಟ ಕೆಲಸವೆಲ್ಲ ರ‍್ಯಾಮಿನಲ್ಲೇ ಇರುತ್ತೆ. ಅದನ್ನು ಉಳಿಸಿಕೊಳ್ಳಲು ಚೂರು ಕರೆಂಟು ಹರಿಯುತ್ತಲೇ ಇರಬೇಕು. ಹೈಬರ್ನೇಟ್ ಅಂದರೆ ರ‍್ಯಾಮಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿಸುವುದು. ರಾಗಿಯನ್ನು ಕಣದಲ್ಲೇ ಬಿಟ್ಟು ಕಾವಲು ಕೂರುವುದಕ್ಕೂ, ಕಣಜಕ್ಕೆ ತುಂಬಿ ಮನೆಗೆ ಹೋಗಿ ಮಲಗುವುದಕ್ಕೂ ಇರುವ ವ್ಯತ್ಯಾಸ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಮಾಡಿದ ಎಸಿಪಿಐ ಎಂಬ ನಿಯಮಾವಳಿಯಲ್ಲಿ ಮೊದಲನೆಯದಕ್ಕೆ ಎಸ್3, ಎರಡನೆಯದಕ್ಕೆ ಎಸ್4 ಅಂತ ಹೆಸರು. ಈಗಿನ ಹೊಸ ಲ್ಯಾಪ್‌ಟಾಪುಗಳು ಎಷ್ಟೋ ಎಸ್3 ಬಿಟ್ಟು ಫೋನಿನ ಥರ ಅರೆನಿದ್ದೆಯಲ್ಲಿರುತ್ತವೆ, ಮುಚ್ಚಿಟ್ಟಾಗಲೂ ಮೇಲ್ ನೋಡುತ್ತಿರುತ್ತವೆ. ಅದು ನನಗಿಷ್ಟವಿಲ್ಲ. ನನ್ನದು ಎಸ್3 ಇರುವ ಹಳೆಯ ಕಾಲದ್ದು.

ಚಾರ್ಜರ್ ಸಿಕ್ಕಿಸಿ ಆನ್ ಮಾಡಿ, ಕಮ್ಯಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ ರಿಕ್ವೆಸ್ಟ್ಸ್’ ಕೊಟ್ಟೆ. ಮಲಗಬೇಡ ಅಂತ ಯಾವ ಪ್ರೋಗ್ರಾಮು ಅಡ್ಡಗಾಲು ಹಾಕಿದೆ ಎಂದು ಅದು ತೋರಿಸುತ್ತೆ. ಯಾರೂ ಇಲ್ಲ. ‘ಲಾಸ್ಟ್‌ವೇಕ್’ ಕೊಟ್ಟೆ. ಕೊನೆಗೆ ಎಬ್ಬಿಸಿದ್ದು ಯಾರು? ಅದೂ ಖಾಲಿ. ಬ್ಯಾಟರಿ ಸತ್ತು ಹೊಸದಾಗಿ ಬೂಟ್ ಆಗಿದ್ದಕ್ಕೆ ಆ ನೆನಪೆಲ್ಲ ಅಳಿಸಿಹೋಗಿತ್ತು. ಕಳ್ಳ ಓಡಿಹೋದ ಮೇಲೆ ಬಾಗಿಲು ಕಾದ ಹಾಗಾಯಿತು. ಇನ್ನೇನು ಮಾಡೋದು, ಎಲ್ಲರೂ ಮಾಡುವುದನ್ನೇ ಮಾಡಿದೆ: ಡಿವೈಸ್ ಮ್ಯಾನೇಜರಿಗೆ ಹೋಗಿ ಮೌಸಿಗೆ, ನೆಟ್‌ವರ್ಕ್ ಕಾರ್ಡಿಗೆ ಕಂಪ್ಯೂಟರನ್ನು ಎಬ್ಬಿಸುವ ಹಕ್ಕಿನ ಟಿಕ್ ತೆಗೆದೆ. ಡ್ರೈವರ್ ಅಪ್‌ಡೇಟ್ ಮಾಡಿದೆ. ಕಂಪನಿಯವರನ್ನು ಮನಸ್ಸಿನಲ್ಲೇ ಬೈದೆ.

ಕೊನೆಗೆ ಹೊಳೆದದ್ದು ಈವೆಂಟ್ ವ್ಯೂವರ್. ರೀಸ್ಟಾರ್ಟ್ ಆದರೂ ಅಲ್ಲಿಯ ದಾಖಲೆ ಅಳಿಯುವುದಿಲ್ಲ. ಪವರ್ ಟ್ರಬಲ್‌ಶೂಟರ್ ಅನ್ನುವ ಹೆಸರಿನ ಸಾಲುಗಳನ್ನು ಹುಡುಕಿದೆ. ರಾತ್ರಿ ಸರಿಯಾಗಿ ಎರಡು ಗಂಟೆಗೆ ಎದ್ದಿದೆ. ಎಬ್ಬಿಸಿದ್ದು ಟೈಮರ್. ಟೈಮರ್ ಇಟ್ಟ ಟಾಸ್ಕಿನ ಹೆಸರು ‘ನಿದ್ದೆಗೇಡಿ’.

ಹಿಂದಿನ ರಾತ್ರಿಯೂ ಎರಡು ಗಂಟೆ. ಅದರ ಹಿಂದಿನ ರಾತ್ರಿಯೂ.

ಆ ಹೆಸರು ಇಟ್ಟವನು ನಾನೇ. 2020ರ ಲಾಕ್‌ಡೌನಿನಲ್ಲಿ ಇದೇ ಪಡಸಾಲೆಯಲ್ಲಿ ಕೂತು ಬರೆದದ್ದು. ಆಗ ಹಗಲು ಹೊತ್ತು ಊರಲ್ಲಿ ಇಂಟರ್‌ನೆಟ್ ತೆವಳುತ್ತಿತ್ತು. ಊರೆಲ್ಲ ಮಲಗಿದ ಮೇಲೆ ಎರಡರ ಹೊತ್ತಿಗೆ ಸರಾಗ. ಅದಕ್ಕೆ ಎರಡು ಗಂಟೆಗೆ ಲ್ಯಾಪ್‌ಟಾಪನ್ನು ಎಬ್ಬಿಸಿ ದೊಡ್ಡ ಫೈಲುಗಳನ್ನು ಇಳಿಸಿಕೊಳ್ಳುವ ಹಾಗೆ ಒಂದು ಚಿಕ್ಕ ಸ್ಕ್ರಿಪ್ಟು. ಮಧ್ಯದಲ್ಲಿ ಮತ್ತೆ ಮಲಗಿಬಿಡದ ಹಾಗೆ ಅದರೊಳಗೆ ಇನ್ನೊಂದು ಸಾಲು. ಟೈಮರಿನಿಂದ ಎದ್ದ ವಿಂಡೋಸ್, ಎದುರಿಗೆ ಯಾರೂ ಇಲ್ಲ ಅಂತ ಕಂಡರೆ ಎರಡು ನಿಮಿಷದಲ್ಲಿ ವಾಪಸ್ ಮಲಗುತ್ತೆ. ಆ ಒಂದು ಸಾಲು ಅದನ್ನೂ ತಡೆಯುತ್ತೆ. ಬ್ಯಾಟರಿಯಲ್ಲಿದ್ದರೂ ಏಳು ಅಂತ ಟಿಕ್ ಹಾಕಿದವನೂ ನಾನೇ. ಡಿಸ್ಕಿನಲ್ಲಿ ಜಾಗ ಸಾಲದು ಅಂತ ಹೈಬರ್ನೇಟ್ ಕಿತ್ತುಹಾಕಿದ್ದೂ ನಾನೇ. 16 ಜಿಬಿ ರ‍್ಯಾಮಿದ್ದರೆ ಆ ಫೈಲು ಆರು ಜಿಬಿ ಮೇಲೆ ತಿನ್ನುತ್ತೆ, ಆಗ ಅದು ದಂಡ ಅನ್ನಿಸಿತ್ತು. ಹೀಗಾಗಿ ಬ್ಯಾಟರಿ ಮುಗಿಯುತ್ತಾ ಬಂದಾಗ ಕೆಲಸ ಕಣಜಕ್ಕೆ ತುಂಬಿಡೋಣ ಅಂದರೆ ಕಣಜವೇ ಇರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅದೇ ಸ್ಕ್ರಿಪ್ಟನ್ನು ಹಗಲಲ್ಲೂ ಓಡಿಸುತ್ತಿದ್ದೆ. ಸ್ಲೀಪ್ ಆಗದಿದ್ದರೆ ಆಫೀಸಿನ ಚಾಟಿನಲ್ಲಿ ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಆರುವುದಿಲ್ಲವಲ್ಲ. ಅದಕ್ಕೊಂದು ಹುಸಿ ಕೀ ಒತ್ತುವ ಸಾಲೂ ಸೇರಿಸಿದ್ದೆ. ಮಧ್ಯಾಹ್ನ ತೋಟಕ್ಕೆ ಹೋಗಿ ಬರುವಷ್ಟು ಹೊತ್ತೂ ನಾನು ‘ಅವೈಲಬಲ್’. ಅಪ್ಪ ರಾತ್ರಿ ಎರಡಕ್ಕೆ ಎದ್ದು ಮೋಟರು ಹಾಕಲು ಹೋಗುವಾಗ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ದೀಪ ಮಿಣಿಮಿಣಿ ಅನ್ನುತ್ತಿತ್ತು. ‘ಪಾಪ, ನಮ್ಮ ಹುಡುಗನ ಮಿಷನ್ನೂ ನನ್ ಹಂಗೇ’ ಅಂತ ಅವ್ವನಿಗೆ ಹೇಳುತ್ತಿದ್ದರಂತೆ. ಹುಡುಗ ಮಾತ್ರ ಒಳಗೆ ಗೊರಕೆ ಹೊಡೆಯುತ್ತಿದ್ದ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಲ್ಯಾಪ್‌ಟಾಪ್ ಯಾವಾಗಲೂ ಚಾರ್ಜರಿಗೇ ಅಂಟಿಕೊಂಡಿರುತ್ತಿತ್ತು. ರಾತ್ರಿ ಫ್ಯಾನ್ ಸದ್ದು ಬರುತ್ತೆ ಅಂತ ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಹಳೇ ಮಿಷನ್ನು, ಧೂಳು ಅಂತ ತಳ್ಳಿಹಾಕಿದ್ದೆ. ಇಳಿಸಿಕೊಳ್ಳಲು ಏನೂ ಇಲ್ಲದಿದ್ದರೂ ಅದು ಅಷ್ಟು ವರ್ಷ ದಿನಾ ಎರಡಕ್ಕೆ ಎದ್ದು ಬೆಳಗಿನವರೆಗೆ ಸುಮ್ಮನೆ ಕೂತಿರುತ್ತಿತ್ತು.

ಟಾಸ್ಕ್ ಅಳಿಸಿದೆ. ಹೈಬರ್ನೇಟ್ ವಾಪಸ್ ತಂದೆ. ಹತ್ತು ನಿಮಿಷದ ಕೆಲಸ.

ಮಧ್ಯಾಹ್ನ ಸ್ಟಾರ್ಟರ್ ಕೂರಿಸುವಾಗ ಅಪ್ಪ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಪಂಪ್‌ಹೌಸಿನ ಬಾಗಿಲಲ್ಲಿ ನಿಂತಿದ್ದರು. ‘ಕರೆಂಟ್ ಬಂದ ತಕ್ಷಣ ಎದ್ದುಬಿಡುತ್ತಾ ಇದು?’ ಅಂದರು. ಹೂಂ ಅಂದೆ. ‘ಎಲ್ಲಾರೂ ಇದನ್ನೇ ಹಾಕ್ಕಂಡವ್ರೆ. ಎಲ್ಲಾರ ಮೋಟ್ರೂ ಒಂದೇ ಸಲ ಎದ್ರೆ ಟಿಸಿ ಸುಟ್ಟೋಗುತ್ತೆ. ನಾನು ಅದಕ್ಕೇ ಒಂದು ಬೀಡಿ ಸೇದಿ ಆಮೇಲೆ ಹಾಕೋದು.’

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಸರ್ವರ್ ಬಿದ್ದು ಮತ್ತೆ ಎದ್ದಾಗ ಸಾವಿರ ಮಿಷನ್ನುಗಳು ಒಟ್ಟಿಗೆ ಮುಗಿಬಿದ್ದು ಮತ್ತೆ ಬೀಳಿಸುತ್ತವೆ. ಅದಕ್ಕೆ ಒಂದೊಂದೂ ಬೇರೆ ಬೇರೆ ಹೊತ್ತು ಕಾದು ಬರಲಿ ಅಂತ ನಾವು ಕೋಡಿನಲ್ಲಿ ಬರೆಯುತ್ತೇವೆ. ಇಂಟರ್‌ವ್ಯೂಗಳಲ್ಲಿ ಇದನ್ನೇ ಪ್ರಶ್ನೆ ಕೇಳುತ್ತೇವೆ. ಅಪ್ಪ ಅದನ್ನು ಬೀಡಿ ಲೆಕ್ಕದಲ್ಲಿ ಮಾಡುತ್ತಿದ್ದಾರೆ. (ಬೀಡಿಯನ್ನೂ ಡಾಕ್ಟರು ಬಿಡಿ ಅಂದಿದ್ದಾರೆ, ಅದು ಬೇರೆ ಕತೆ.) ಸ್ಟಾರ್ಟರಿನಲ್ಲಿ ಡಿಲೇ ತಿರುಗಿಸುವ ಗುಂಡಿ ಇತ್ತು. ಕರೆಂಟು ಬಂದು ಐದು ನಿಮಿಷದ ಮೇಲೆ ಏಳುವಂತೆ ಇಟ್ಟೆವು. ಒಂದು ಫೇಸ್ ಹೋದರೆ, ಬೋರಿನಲ್ಲಿ ನೀರು ಕಡಿಮೆಯಾದರೆ ತಾನೇ ನಿಲ್ಲುತ್ತೆ ಅಂತಲೂ ತೋರಿಸಿದೆ.

ಅಪ್ಪ ಎಲ್ಲ ಕೇಳಿಸಿಕೊಂಡು, ‘ಮೋಟ್ರು ಏಳುತ್ತೆ, ಸರಿ. ಗೇಟ್‌ವಾಲ್ ಯಾರು ತಿರುಗಿಸ್ತಾರೆ?’ ಅಂದರು.

ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನಮ್ಮ ಬೋರು ಈಗ ಕೊಡುವ ನೀರು ಇಡೀ ತೋಟಕ್ಕೆ ಒಟ್ಟಿಗೆ ಸಾಲುವುದಿಲ್ಲ. ನಾಲ್ಕು ಭಾಗ ಮಾಡಿ ಒಂದೊಂದಕ್ಕೂ ಸರದಿ. ಒಂದೂವರೆ ಗಂಟೆಗೊಮ್ಮೆ ವಾಲ್ ಬದಲಿಸಬೇಕು. ಎಲೆಕ್ಟ್ರಿಷಿಯನ್, ಅದಕ್ಕೂ ಕರೆಂಟಿನ ವಾಲ್ ಬರುತ್ತೆ ಸಾರ್, ಟೈಮರ್ ಇಡಬಹುದು ಅಂದ. ರೇಟು ಕೇಳಿದೆ. ಇಎಂಐ ಮುಗಿಯಲಿ ಅಂದುಕೊಂಡೆ.

ಅವತ್ತು ರಾತ್ರಿ ನನಗೆ ಎರಡಕ್ಕೆ ಮೊದಲೇ ಎಚ್ಚರವಾಗಿತ್ತು. ಲ್ಯಾಪ್‌ಟಾಪಿನ ಕಡೆ ನೋಡಿದೆ. ದೀಪ ಆರಿತ್ತು. ಎರಡಾಯಿತು. ಅದು ಏಳಲಿಲ್ಲ. ಸಣ್ಣದೊಂದು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಹಜಾರದಲ್ಲಿ ಮಂಚ ಕಿರುಗುಟ್ಟಿತು. ಅಪ್ಪ ಎದ್ದು ಕೂತಿದ್ದರು. ಎಬ್ಬಿಸಿದವರು ಯಾರೂ ಇಲ್ಲ. ಕತ್ತಲಲ್ಲಿ ಕಿವಿಗೊಟ್ಟು ಕೂತಿದ್ದರು. ಸ್ವಲ್ಪ ಹೊತ್ತಿಗೆ ದೂರದಿಂದ ಮೋಟರಿನ ಗುಂಯ್ ಕೇಳಿತು. ‘ಎದ್ದಿತು’ ಅಂದರು, ಬಲಗೈಯಲ್ಲಿ ಟಾರ್ಚಿಗೆ ತಡಕಾಡಿದರು.

‘ನೀವು ಮಲ್ಕಳಿ, ನಾನು ಹೋಗ್ತೀನಿ’ ಅಂದೆ.

‘ನಿಂಗೆ ಯಾವ ವಾಲ್ ಅಂತ ಗೊತ್ತೇನೋ?’

ಗೊತ್ತಿರಲಿಲ್ಲ. ಇಬ್ಬರೂ ಹೋದೆವು. ಟಾರ್ಚು ನನ್ನ ಕೈಲಿ, ಅಪ್ಪ ಮುಂದೆ. ಬದುವಿನ ಮೇಲೆ ಜಾರಿದ ಜಾಗ ಬಂದಾಗ ಅವರು ಏನೂ ಹೇಳದೆ ಬಳಸಿಕೊಂಡು ಹೋದರು. ಎರಡನೇ ಭಾಗದ ತೆಂಗಿನ ಬುಡದಲ್ಲಿ ನೀರು ಬರತೊಡಗಿತ್ತು. ಒಂದೂವರೆ ಗಂಟೆ ಅಲ್ಲೇ ಕಲ್ಲಿನ ಮೇಲೆ ಕೂತೆವು. ಆಫೀಸಲ್ಲಿ ಏನು ಕೆಲಸ ಅಂತ ಕೇಳಿದರು, ಹೇಳಿದೆ. ಲ್ಯಾಪ್‌ಟಾಪ್ ರಿಪೇರಿ ಆಯಿತಾ ಅಂದರು. ಹಸಿರು ಚುಕ್ಕೆಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ.

‘ಏಳು, ಟೈಮಾಯ್ತು’ ಅಂದರು. ‘ಮೊದ್ಲು ಮೂರನೇದು ತೆಗಿ. ನೀರು ಹೋಗೋ ಸದ್ದು ಕೇಳಿದ್ ಮೇಲೆ ಎರಡನೇದು ಮುಚ್ಚು. ಉಲ್ಟಾ ಮಾಡಿದ್ರೆ ಪೈಪ್ ಒಡ್ದೋಗುತ್ತೆ.’

ಟಾರ್ಚನ್ನು ಅವರ ಕೈಗೆ ಕೊಟ್ಟು ಮೂರನೇ ವಾಲಿಗೆ ಕೈ ಹಾಕಿದೆ. ಸಿಕ್ಕಾಪಟ್ಟೆ ಬಿಗಿ ಇತ್ತು.